ಮಂಜುಗಲ್ಲಿನ ಮಣ್ಣು, ಯಲಹಂಕದ ಪಾದರಸ

ಯಂತ್ರದ ಪರದೆಯ ಮೇಲೆ ಸಾವಿರದ ಮುನ್ನೂರ ಎಂಬತ್ತು ಎಂದು ಮೂಡಿದಾಗ ವಿರೂಪಾಕ್ಷ ಕುರ್ಚಿಯಿಂದ ಎದ್ದೇಬಿಟ್ಟರು.

"ಲುಬ್ನಾ, ಇನ್ನೊಂದ್ಸಲ ಹಾಕಿ. ಅದೇ ಮಣ್ಣು. ಒಂದೇ ಒಂದ್ಸಲ."

ಲುಬ್ನಾ ಹಾಕಿದಳು. ಹೆಬ್ಬೆರಳಿನುದ್ದದ ಲೋಹದ ದೋಣಿಯಲ್ಲಿ ಒಂದು ಚಿಟಿಕೆ ಮಣ್ಣು ತೂಗಿ ಯಂತ್ರದ ಬಾಯಿಗಿಟ್ಟರೆ, ಒಳಗೆ ಅದು ಸುಟ್ಟು, ಮಣ್ಣು ಹಿಡಿದಿಟ್ಟುಕೊಂಡಿದ್ದ ಪಾದರಸವೆಲ್ಲ ಹಬೆಯಾಗಿ ಎದ್ದು ಚಿನ್ನದ ಪುಟ್ಟ ಬಲೆಗೆ ಅಂಟಿಕೊಳ್ಳುತ್ತದೆ. ಎಷ್ಟು ಅಂಟಿತು ಎಂಬುದನ್ನು ಯಂತ್ರ ಅಳೆದು, ಒಂದು ಗ್ರಾಂ ಮಣ್ಣಿಗೆ ಇಷ್ಟು ನ್ಯಾನೊಗ್ರಾಂ ಎಂದು ಹೇಳುತ್ತದೆ. ಎಲ್ಲ ಸೇರಿ ಆರು ನಿಮಿಷ. ಆ ಆರು ನಿಮಿಷವೂ ವಿರೂಪಾಕ್ಷ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡಿದರು.

ಸಾವಿರದ ಮುನ್ನೂರ ಎಪ್ಪತ್ತೊಂದು.

"ಅಯ್ಯಯ್ಯೋ!" ಎಂದರು ಅವರು, ಲಾಟರಿ ಹೊಡೆದವರಂತೆ. "ಇಷ್ಟು ಈ ದೇಶದಲ್ಲಿ ಯಾರಿಗೂ ಸಿಕ್ಕಿರಲ್ಲ ಕಣ್ರೀ."

ಯಲಹಂಕ ಹಳೇ ಊರಿನ ಒಂದು ಬೀದಿಯಲ್ಲಿ, ವೆಂಕಟಸ್ವಾಮಿ ಎಂಬುವರ ಎರಡಂತಸ್ತಿನ ಮನೆಯನ್ನು ಬಾಡಿಗೆಗೆ ಹಿಡಿದು ನಡೆಸುತ್ತಿದ್ದ ಸಣ್ಣ ಮಣ್ಣು ಪರೀಕ್ಷಾ ಲ್ಯಾಬ್ ಅದು. ವಿರೂಪಾಕ್ಷ ಅದರ ಮುಖ್ಯಸ್ಥರು. ಲುಬ್ನಾ ಅಲ್ಲಿ ಒಂಬತ್ತು ವರ್ಷದಿಂದ ಯಂತ್ರ ನೋಡಿಕೊಳ್ಳುತ್ತಿದ್ದವಳು, ಆರ್.ಟಿ. ನಗರದಿಂದ ದಿನಾ ಎರಡು ಬಸ್ಸು ಹಿಡಿದು ಬರುತ್ತಿದ್ದಳು. ಬಿ.ಎಸ್ಸಿ. ಮುಗಿಸಿ ಸೇರಿದವಳಿಗೆ ಆ ಯಂತ್ರ ಈಗ ಎಷ್ಟು ಪರಿಚಿತವೆಂದರೆ, ಅದರ ಫ್ಯಾನಿನ ಸದ್ದು ಕೇಳಿಯೇ ಇವತ್ತು ಹೇಗಿದೆ ಎಂದು ಹೇಳಬಲ್ಲಳು.

ಈ ಮಣ್ಣು ಬಂದದ್ದು ಪಶ್ಚಿಮ ಘಟ್ಟದ ಮಂಜುಗಲ್ಲು ಬೆಟ್ಟದಿಂದ. ಸುತ್ತ ಮೂವತ್ತು ಮೈಲಿ ಒಂದು ಕಾರ್ಖಾನೆಯಿಲ್ಲ, ಗಣಿಯಿಲ್ಲ. ಅಂಥ ಕಡೆಯೂ ಪಾದರಸ ಸೇರುತ್ತದೆ ಎಂಬುದು ವಿರೂಪಾಕ್ಷರ ವಾದ. ದೂರದಲ್ಲೆಲ್ಲೋ ಕಲ್ಲಿದ್ದಲು ಉರಿಸಿದಾಗ ಪಾದರಸ ಹಬೆಯಾಗಿ ಗಾಳಿಗೆ ಸೇರುತ್ತದೆ. ತಿಂಗಳುಗಟ್ಟಲೆ ಅಲೆದು ಬೆಟ್ಟ ಮುಟ್ಟುತ್ತದೆ. ಮರದ ಎಲೆ ಉಸಿರಾಡುವಾಗ ಅದನ್ನು ಒಳಗೆಳೆದುಕೊಂಡು ಇಟ್ಟುಕೊಳ್ಳುತ್ತದೆ. ಎಲೆ ಉದುರುತ್ತದೆ, ಕೊಳೆಯುತ್ತದೆ. ಪಾದರಸ ಮಾತ್ರ ಆ ಎಲೆಗೊಬ್ಬರವನ್ನು ಬಿಡದೆ ಕಚ್ಚಿಕೊಂಡು ಮಣ್ಣಿನಲ್ಲೇ ಕೂರುತ್ತದೆ. ಬೆಟ್ಟದ ತುದಿಯಲ್ಲಿ ಚಳಿ, ಮಂಜು. ಎಲೆ ಬೇಗ ಕೊಳೆಯುವುದಿಲ್ಲ. ವರ್ಷದ ಮೇಲೆ ವರ್ಷ ಪದರ ಬೀಳುತ್ತಲೇ ಹೋಗುತ್ತದೆ. ಅನುಮತಿಗಾಗಿ ಮೂರು ವರ್ಷ ಅಲೆದು, ಸೆಪ್ಟೆಂಬರಿನಲ್ಲಿ ಅವರು ಬೆಟ್ಟದ ಬುಡದಿಂದ ತುದಿಯವರೆಗೆ ಅರವತ್ತು ಚೀಲ ಮಣ್ಣು ತಂದಿದ್ದರು. ತುದಿಯಲ್ಲಿ ಮುನ್ನೂರು ಬಂದರೆ ಸಾಕು ಎಂದುಕೊಂಡಿದ್ದವರಿಗೆ ಈಗ ಅದರ ನಾಲ್ಕು ಪಟ್ಟಿಗೂ ಹೆಚ್ಚು.

ಆ ಸೋಮವಾರ ಬೇಕರಿಯಿಂದ ದಿಲ್‌ಪಸಂದ್ ಬಂತು. ಮುಂದಿನ ವಾರದ ಬುಧವಾರ ಹೆಬ್ಬಾಳದಲ್ಲಿ ಅರಣ್ಯ ಅಧಿಕಾರಿಗಳು, ವಿಜ್ಞಾನಿಗಳು ಸೇರುವ ಸಭೆಯಿತ್ತು. ವಿರೂಪಾಕ್ಷ ಅಲ್ಲಿ ಮಾತಾಡಬೇಕಿತ್ತು. ಫೋನು ಕಿವಿಯಿಂದ ಇಳಿಯಲಿಲ್ಲ. ಲುಬ್ನಾಳಿಗೂ ಖುಷಿ ತಡೆಯಲಾಗಲಿಲ್ಲ. ಮನೆಗೆ ಹೋಗಿ ತನ್ನಮ್ಮನಿಗೆ ಬೆಟ್ಟ, ಎಲೆ, ಗಾಳಿ ಎಲ್ಲವನ್ನೂ ಕೈ ಆಡಿಸಿ ಹೇಳಿದಳು.

ಅದೇ ವಾರದ ಬುಧವಾರ ಮಧ್ಯಾಹ್ನ ಆ ಖುಷಿಗೆ ಕಲ್ಲು ಬಿತ್ತು.

ತುದಿಯ ಹತ್ತಿರದ ನಲವತ್ತೊಂದನೇ ಚೀಲದಲ್ಲಿ ಮಣ್ಣು ಹೆಚ್ಚಿತ್ತೆಂದು ಅದನ್ನು ಎರಡು ತಟ್ಟೆಗೆ ಹಾಕಿ ಒಣಗಿಸಿದ್ದರು. ಸೋಮವಾರ ಅಳೆದದ್ದು ಮೊದಲ ತಟ್ಟೆ. ಎರಡನೆಯದನ್ನು ಅಳೆಯುವ ಅಗತ್ಯವೇ ಇರಲಿಲ್ಲ. ಲುಬ್ನಾ ಸುಮ್ಮನೆ, ಕೈ ಖಾಲಿಯಿದೆಯೆಂದು ಹಾಕಿದಳು. ಇನ್ನೂರ ಅರವತ್ತನಾಲ್ಕು ಬಂತು.

ಒಂದೇ ಗುಂಡಿ, ಒಂದೇ ಚಮಚ, ಒಂದೇ ಚೀಲ. ಅವಳು ಮತ್ತೆ ತೂಗಿದಳು. ಇನ್ನೂರ ಐವತ್ತೊಂಬತ್ತು. ಎಷ್ಟು ಪಾದರಸವಿದೆ ಎಂದು ಮೊದಲೇ ಗೊತ್ತಿರುವ ಪರೀಕ್ಷೆಯ ಪುಡಿಯನ್ನು ಯಂತ್ರಕ್ಕೆ ಹಾಕಿ ನೋಡಿದಳು. ಅದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಖಾಲಿ ದೋಣಿ ಹಾಕಿದಳು, ಸೊನ್ನೆ. ಅವಳು ನೇರ ಒಣಗಿಸುವ ಕೋಣೆಗೆ ನಡೆದಳು.

ಹಿಂಭಾಗದ ಆ ಕೋಣೆಯಲ್ಲಿ ಮುನಿಕೃಷ್ಣಮ್ಮ ಮಣೆಯ ಮೇಲೆ ಕೂತು ಜರಡಿ ಹಿಡಿಯುತ್ತಿದ್ದರು. ರಾಜಾನುಕುಂಟೆಯವರು, ಐವತ್ತಾರು ವರ್ಷ. ಮನೆಯಲ್ಲಿ ಕೂತರೆ ಮೊಣಕಾಲು ಹಿಡಿದುಕೊಳ್ಳುತ್ತದೆ ಎಂದು ಮಗ ಬೇಡವೆಂದರೂ ಕೇಳದೆ ಈ ಕೆಲಸಕ್ಕೆ ಬಂದಿದ್ದರು. ಬೇರು, ಕಲ್ಲು ಆರಿಸಿ, ಮಣ್ಣು ಒಣಗಿಸಿ, ಜರಡಿ ಹಿಡಿದು ಪೊಟ್ಟಣ ಕಟ್ಟುವುದು ಅವರ ಕೆಲಸ. ಓದು ಬರದಿದ್ದರೂ ಅರವತ್ತು ತಟ್ಟೆಗಳಲ್ಲಿ ಯಾವುದು ಯಾವಾಗ ಎಲ್ಲಿತ್ತು ಎನ್ನುವುದು ಅವರಿಗೆ ಬಾಯಿಪಾಠ.

"ಅಮ್ಮಾ, ನಲವತ್ತೊಂದು ಎರಡು ತಟ್ಟೆ ಮಾಡಿದ್ರಲ್ಲ, ಎಲ್ಲಿಟ್ಟಿದ್ರಿ?"

"ಒಂದ್ ಇಲ್ಲೇ, ಈ ಮೂಲೇಲಿ, ಈಟರ್ ಮಗ್ಗುಲಾಗೆ. ಇನ್ನೊಂದಕ್ಕೆ ಜಾಗ ಎಲ್ಲಿತ್ತವ್ವ? ಮಾಡಿ ಮೇಲೆ ತಗಡಿನ ಸೀಟಿನ ಕೆಳಗೆ ಇಟ್ಟಿದ್ದೆ. ಯಾಕೆ, ಕೆಟ್ಟೋಯ್ತಾ?"

"ಕೆಟ್ಟಿಲ್ಲ. ಬೇರೆ ತಟ್ಟೆಗಳು?"

"ಎಲ್ಲಾ ಇಲ್ಲೇ. ಅದೊಂದೇ ಆಚೆ ಓಗಿದ್ದು."

ಲುಬ್ನಾಳಿಗೆ ಮೊದಲು ಹೀಟರಿನ ಮೇಲೆ, ಆಮೇಲೆ ತಟ್ಟೆಯ ಬಣ್ಣದ ಮೇಲೆ ಅನುಮಾನ ಬಂತು. ಸರ್‌ಗೆ ಹೇಳಬೇಕೆಂದು ಮೆಟ್ಟಿಲವರೆಗೆ ಹೋದವಳು ಮೇಲಿಂದ ಅವರ ನಗು ಕೇಳಿ ನಿಂತಳು. ಹೇಳುವುದಾದರೆ ಗೊತ್ತುಮಾಡಿಕೊಂಡೇ ಹೇಳಬೇಕು. ಅಂಗಳದ ಹೊಂಗೆ ಮರದಡಿಯ ಕೊಳೆತ ಎಲೆಗಳನ್ನು ಒಂದು ಬುಟ್ಟಿ ತುಂಬಿ ತಂದಳು. ಪುಡಿಮಾಡಿ ಅಳೆದರೆ ನಲವತ್ತು. ಅದೇ ಪುಡಿಯನ್ನು ಹದಿಮೂರು ಗಾಜಿನ ತಟ್ಟೆಗೆ ಹಂಚಿದಳು. ಹನ್ನೆರಡನ್ನು ಕೋಣೆಯ ಉದ್ದಗಲಕ್ಕೂ ಸಾಲಾಗಿ ಇಟ್ಟಳು, ಒಂದನ್ನು ಮಹಡಿಯ ಮೇಲೆ. ಪ್ರತಿಯೊಂದರ ಪಕ್ಕ ತೊಳೆದ ಮರಳಿನ ಒಂದೊಂದು ತಟ್ಟೆ.

"ಮರಳ್ ಯಾತಕ್ಕವ್ವ?" ಎಂದರು ಮುನಿಕೃಷ್ಣಮ್ಮ.

"ತಟ್ಟೆಯಿಂದ ಅಥವಾ ಧೂಳಿಂದ ಏನಾದ್ರೂ ಸೇರ್ತಿದ್ರೆ ಮರಳಿಗೂ ಸೇರ್ಬೇಕು. ಬರೀ ಎಲೆಗೆ ಮಾತ್ರ ಸೇರಿದ್ರೆ ಕಥೆ ಬೇರೆ."

"ಏನೋಪ್ಪ. ನಾನ್ ಮುಟ್ಟಲ್ಲ ಬಿಡು, ನೀನ್ ಇಟ್ಟಂಗೇ ಇರ್ತವೆ."

ಶುಕ್ರವಾರ ಬೆಳಿಗ್ಗೆ ಹೆಬ್ಬಾಳ ಫ್ಲೈಓವರಿನ ಮೇಲೆ ಬಸ್ಸು ಇಪ್ಪತ್ತು ನಿಮಿಷ ನಿಂತಿತ್ತು. ಲುಬ್ನಾಳಿಗೆ ಇಳಿದು ಓಡಿಬಿಡೋಣ ಅನಿಸಿತು. ಲ್ಯಾಬ್ ತಲುಪಿದವಳು ಚೀಲವನ್ನು ಮೇಜಿನ ಮೇಲೆ ಎಸೆದು, ಡ್ರಾಯಿಂಗ್ ಶೀಟಿನ ಮೇಲೆ ಕೋಣೆಯ ನಕ್ಷೆ ಬರೆದು, ತಟ್ಟೆ ಇದ್ದ ಜಾಗದಲ್ಲೆಲ್ಲ ಒಂದೊಂದು ಚೌಕ ಹಾಕಿ, ಮೊದಲ ದೋಣಿ ತೂಗಿದಳು.

ಮಹಡಿಯ ಮೇಲಿನದು ನಲವತ್ತೊಂದು. ಹಾಗಾದರೆ ಅಲ್ಲೇನೂ ಆಗಿಲ್ಲ.

ಬಾಗಿಲ ಬಳಿಯದು ಎಪ್ಪತ್ತು. ಅವಳು ಪೆನ್ನು ಕೆಳಗಿಡಲಿಲ್ಲ. ಕಿಟಕಿಯ ಬಳಿ ಎಂಬತ್ತೆಂಟು. ನಡುವೆ ನೂರ ಅರವತ್ತು. ಪ್ರತಿ ಆರು ನಿಮಿಷಕ್ಕೂ ಒಂದು ಅಂಕಿ. ಬಂದ ಅಂಕಿ ಚೌಕದಲ್ಲಿ ಕೂತ ಕೂಡಲೇ ಮುಂದಿನದರ ಆತುರ. ಗೋಡೆಯತ್ತ ಸರಿದಂತೆ ಇನ್ನೂರ ಎಂಬತ್ತು, ನಾನೂರ ಇಪ್ಪತ್ತು. ಅಂಕಿಗಳು ಅವಳ ಕೈಹಿಡಿದು ಕೋಣೆಯ ಒಂದೇ ಕಡೆಗೆ ಎಳೆಯುತ್ತಿದ್ದವು. ಕೊನೆಗೆ ಹೀಟರ್ ಪಕ್ಕದ ಮೂಲೆಯ ದೋಣಿ ಒಳಗೆ ಹೋಯಿತು.

ಒಂಬೈನೂರ ಹತ್ತು.

ಪಕ್ಕದ ಮರಳು? ಎರಡು. ಬರೀ ಎರಡು!

ಲುಬ್ನಾ ಕೂತಲ್ಲೇ ಜೋರಾಗಿ ನಕ್ಕಳು. ತಟ್ಟೆಯಲ್ಲ, ಧೂಳಲ್ಲ. ಗಾಳಿ! ಆ ಮೂಲೆಯಲ್ಲಿ ಎಲ್ಲೋ ಪಾದರಸವಿದೆ, ಹೀಟರಿನ ಕಾವಿಗೆ ಹಬೆಯಾಗಿ ಏಳುತ್ತಿದೆ. ಮರಳು ಅದನ್ನು ಮೂಸಿಯೂ ನೋಡಿಲ್ಲ. ಕೊಳೆತ ಎಲೆ ಬಾಚಿ ಬಾಚಿ ಕುಡಿದಿದೆ. ಬೆಟ್ಟದ ಮೇಲೆ ವರ್ಷಾನುಗಟ್ಟಲೆ ಕಾಡಿನ ಮಣ್ಣು ಮಾಡುವ ಕೆಲಸವನ್ನು ಈ ಕೋಣೆಯ ಎಲೆಪುಡಿ ಎರಡು ದಿನದಲ್ಲಿ ಮಾಡಿ ತೋರಿಸಿದೆ. ಯಾರಿಗೂ ಅನುಮಾನ ಬರದಿದ್ದುದಕ್ಕೂ ಅದೇ ಕಾರಣ: ತುದಿಯ ಮಣ್ಣಿನಲ್ಲಿ ಎಲೆಗೊಬ್ಬರ ಹೆಚ್ಚು, ಅದು ಕೋಣೆಯ ಪಾದರಸವನ್ನೂ ಹೆಚ್ಚು ಕುಡಿದಿತ್ತು. ಹೀಗಾಗಿ ಈವರೆಗೆ ಅಳೆದಿದ್ದ ಸುಳ್ಳು ಅಂಕಿಗಳೂ ಬುಡದಿಂದ ತುದಿಗೆ ನಿಜದ ಹಾಗೆಯೇ ಮೆಟ್ಟಿಲು ಹತ್ತಿದ್ದವು.

ನಕ್ಷೆ ಹಿಡಿದು ಒಣಗಿಸುವ ಕೋಣೆಗೆ ಓಡಿದಳು. "ಅಮ್ಮಾ, ಸಿಕ್ತು! ಇಲ್ಲಿ ನೋಡಿ..."

ಮಾತು ಅಲ್ಲಿಗೇ ನಿಂತಿತು. ಮುನಿಕೃಷ್ಣಮ್ಮ ಅದೇ ಮೂಲೆಯಲ್ಲಿ, ಹೀಟರಿಗೆ ಮೊಣಕಾಲು ಒಡ್ಡಿ ಕೂತಿದ್ದರು. ಜುಲೈನ ಮಳೆಯಿಂದ ಅಕ್ಟೋಬರಿನ ಇವತ್ತಿನವರೆಗೆ ಅವರು ಕೂತದ್ದೇ ಅಲ್ಲಿ.

"ಏಳಿ! ಈಗ್ಲೇ ಆಚೆ ಬನ್ನಿ ಅಮ್ಮಾ, ಜರಡಿ ಬಿಡಿ."

"ಯಾಕವ್ವ, ಆವ್ ಬಂತಾ?"

"ಹಾವಾಗಿದ್ರೆ ಕಣ್ಣಿಗೆ ಕಾಣ್ತಿತ್ತು." ಲುಬ್ನಾ ಹೀಟರ್ ಆರಿಸಿ, ಕಿಟಕಿಗಳನ್ನೆಲ್ಲ ತೆರೆದು, ಅವರ ರಟ್ಟೆ ಹಿಡಿದು ಅಂಗಳಕ್ಕೆ ಕರೆತಂದಳು. "ಕೈ ನಡುಗುತ್ತಾ? ನಿದ್ದೆ ಬರುತ್ತಾ? ತಲೆನೋವು?"

"ನೀನ್ ಇಂಗೆ ಕೇಳಿದ್ರೆ ಇಲ್ದಿದ್ದೂ ಬರ್ತದೆ. ನಂಗೇನಾಗಿಲ್ಲ. ಮೊದ್ಲು ನೀನ್ ಕೂತ್ಕೋ, ನಿನ್ ಕೈ ನಡುಗ್ತಾ ಐತೆ."

ಮನೆಯ ಮಾಲೀಕ ವೆಂಕಟಸ್ವಾಮಿ ಎದುರು ಮನೆಯಲ್ಲೇ ಇದ್ದರು. ಯಲಹಂಕದ ಹಳೇ ಕುಟುಂಬ, ಎಪ್ಪತ್ತು ದಾಟಿದ ಮನುಷ್ಯ. ಲುಬ್ನಾ ಕರೆದದ್ದಕ್ಕೆ ಪಂಚೆ ಎತ್ತಿ ಕಟ್ಟುತ್ತಾ ಬಂದರು.

"ಅಂಕಲ್, ನಾವು ಬರೋಕ್ಕಿಂತ ಮುಂಚೆ ಈ ಹಿಂದಿನ ರೂಮಲ್ಲಿ ಏನಿತ್ತು?"

"ನಿಮಗಿಂತ ಮುಂಚೆ ಟ್ಯೂಷನ್ನು. ಅದಕ್ಕೂ ಮುಂಚೆ ಟೈಲರ್ರು."

"ಅದಕ್ಕೂ ಮುಂಚೆ?"

ಅವರು ಗಲ್ಲ ಉಜ್ಜಿಕೊಂಡರು. "ಹಲ್ಲಿನ ಡಾಕ್ಟ್ರು ಇದ್ರು ಕಣಮ್ಮ. ತೊಂಬತ್ತೆರಡನೇ ಇಸ್ವಿಯಿಂದ ಒಂದ್ ಎಂಟು ವರ್ಷ."

ಲುಬ್ನಾ ಒಂದು ಹೆಜ್ಜೆ ಮುಂದೆ ಬಂದಳು. ಆ ಕಾಲದಲ್ಲಿ ಹುಳುಕು ಹಲ್ಲಿಗೆ ತುಂಬುತ್ತಿದ್ದ ಬೆಳ್ಳಿಬಣ್ಣದ ಗಾರೆಯನ್ನು ಪಾದರಸ ಹಾಕಿಯೇ ಕಲಸುತ್ತಿದ್ದರು. "ಅವ್ರ ಹತ್ರ ಪಾದರಸ ಇತ್ತಾ? ಚೆಲ್ಲಿದ್ದು ಏನಾದ್ರೂ ನೆನಪಿದೆಯಾ?"

"ಅಯ್ಯೋ, ನೆನಪಿಲ್ದೆ ಏನು! ಬಾಟ್ಲಿ ಬಿದ್ದು ಒಡೆದುಹೋಯ್ತು. ನೆಲದ ತುಂಬಾ ಬೆಳ್ಳಿ ಗುಂಡು ಥರ ಓಡಾಡ್ತಿತ್ತು, ಮಕ್ಕಳಿಗೆಲ್ಲ ಹಬ್ಬ. ನಾನೇ ಪೊರಕೆ ತಗೊಂಡು ಗುಡಿಸ್ದೆ. ಆವಾಗ ರೆಡ್ ಆಕ್ಸೈಡ್ ನೆಲ, ಗೋಡೆ ಪಕ್ಕ ಉದ್ದಕ್ಕೂ ಬಿರುಕು. ಸಿಕ್ಕಿದಷ್ಟು ಸಿಕ್ತು, ಮಿಕ್ಕಿದ್ದು ಒಳಗೆ ಹೋಯ್ತು. ಆಮೇಲೆ ಮೇಲೆ ಟೈಲ್ಸ್ ಹಾಕಿಸ್ದೆ."

"ಯಾವ ಗೋಡೆ ಅಂಕಲ್?"

ಬಾಗಿಲಲ್ಲೇ ನಿಂತು ಅವರು ಕೈ ತೋರಿಸಿದರು. ಹೀಟರ್ ಇದ್ದ ಮೂಲೆ.

ಲುಬ್ನಾ ನಕ್ಷೆ ಹಿಡಿದು ಮಹಡಿಯ ಮೆಟ್ಟಿಲು ಹತ್ತಿದಳು. ವಿರೂಪಾಕ್ಷ ಸಭೆಗೆ ಚಿತ್ರಗಳನ್ನು ಜೋಡಿಸುತ್ತಿದ್ದರು. ಪರದೆಯ ಮೇಲೆ ಸಾವಿರದ ಮುನ್ನೂರ ಎಂಬತ್ತು ಕೆಂಪಕ್ಷರದಲ್ಲಿ ಕುಳಿತಿತ್ತು. ಅವಳು ನಕ್ಷೆಯನ್ನು ಅವರ ಮುಂದೆ ಹರಡಿ, ಎರಡು ತಟ್ಟೆಯ ಕಥೆಯಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಒಂದೇ ಉಸಿರಿಗೆ ಹೇಳಿದಳು.

ವಿರೂಪಾಕ್ಷ ನಕ್ಷೆಯ ಅಂಕಿಗಳನ್ನು ಒಂದೊಂದಾಗಿ ಓದಿದರು. ಆಮೇಲೆ, "ಅಂದ್ರೆ ನಾನು ಎಲ್ಲರಿಗೂ ಫೋನ್ ಮಾಡಿ ಹೇಳಿದ್ದು..." ಎಂದು ಕನ್ನಡಕ ತೆಗೆದರು. ಮುಖ ಕೆಂಪಾಗಿತ್ತು. "ಬುಧವಾರ ಗೊತ್ತಾಗಿದ್ದನ್ನ ಬುಧವಾರವೇ ಹೇಳೋಕಾಗ್ಲಿಲ್ವಾ ನಿಮಗೆ?"

"ಗೊತ್ತಾಗಿದ್ದು ಇವತ್ತು ಸರ್. ಬುಧವಾರ ಬರೀ ಭಯ ಇತ್ತು."

ಅವರು ನಕ್ಷೆಯನ್ನು ಮತ್ತೆ ನೋಡಿದರು. ಬೆರಳು ಬಾಗಿಲಿನಿಂದ ಮೂಲೆಯವರೆಗೆ ಸರಿದು ಒಂಬೈನೂರ ಹತ್ತರ ಮೇಲೆ ನಿಂತಿತು. "ಮುನಿಕೃಷ್ಣಮ್ಮ ಎಲ್ಲಿ ಕೂತ್ಕೊಳ್ತಿದ್ರು?"

"ಅಲ್ಲೇ ಸರ್."

ವಿರೂಪಾಕ್ಷ ಕಂಪ್ಯೂಟರನ್ನು ಮುಚ್ಚಿ ಕಾರಿನ ಕೀ ತೆಗೆದುಕೊಂಡರು. ಮುನಿಕೃಷ್ಣಮ್ಮ "ಅಡಿಗೆ ಮಾಡ್ಬೇಕು, ನಾಳೆ ಓಗಾನ" ಎಂದು ಎಷ್ಟು ಹೇಳಿದರೂ ಕೇಳದೆ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟರು. ರಕ್ತ, ಮೂತ್ರ ಎರಡನ್ನೂ ಪರೀಕ್ಷೆಗೆ ಕೊಟ್ಟದ್ದಾಯಿತು. ಫಲಿತಾಂಶ ಮಂಗಳವಾರ ಎಂದರು.

ವಾಪಸು ಬರುವ ದಾರಿಯಲ್ಲಿ ಹಿಂದಿನ ಸೀಟಿನಲ್ಲಿದ್ದ ಲುಬ್ನಾ ಒಮ್ಮೆಲೇ ಮುಂದಕ್ಕೆ ಬಾಗಿದಳು. "ಸರ್, ಫ್ರೀಜರ್!"

"ಏನು ಫ್ರೀಜರ್?"

"ಪ್ರತಿ ಚೀಲದಲ್ಲಿ ಅರ್ಧ ಫ್ರೀಜರಲ್ಲಿದೆಯಲ್ಲ. ಬೆಟ್ಟದಿಂದ ಬಂದ ದಿನ ಮುಚ್ಚಿಟ್ಟಿದ್ದು. ಆ ರೂಮಿಗೆ ಹೋಗೇ ಇಲ್ಲ! ಒಣಗಿಸೋದೇ ಬೇಡ, ಹಸಿಯಾಗೇ ಸುಡೋಣ. ನೀರಿನ ತೂಕ ಬೇರೆ ಅಳೆದು ಕಳೆದ್ರಾಯ್ತು."

ಸಿಗ್ನಲ್ ಹಸಿರಾಗಿ ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರೂ ವಿರೂಪಾಕ್ಷ ಕನ್ನಡಿಯಲ್ಲಿ ಅವಳ ಮುಖವನ್ನೇ ನೋಡುತ್ತಿದ್ದರು. "ಅರವತ್ತು ಚೀಲ," ಎಂದರು. "ನಾಳೆ ಎಷ್ಟು ಗಂಟೆಗೆ ಬರ್ತೀರಿ?"

ಶನಿವಾರ ಏಳೂವರೆಗೇ ಲುಬ್ನಾ ಯಂತ್ರ ಬಿಸಿಮಾಡಿದ್ದಳು. ಹಿಂದಿನ ಕೋಣೆಗೆ ಬೀಗ ಬಿದ್ದು, ಬಾಗಿಲ ಸಂದಿಗೆಲ್ಲ ಟೇಪು ಅಂಟಿತ್ತು. ಬರಬೇಡಿ ಎಂದರೂ ಮುನಿಕೃಷ್ಣಮ್ಮ ಬಂದಿದ್ದರು. ಒಳಗೆ ಬಿಡದಿದ್ದಕ್ಕೆ ಅಂಗಳದ ಹೊಂಗೆ ಮರದಡಿ ಕುರ್ಚಿ ಹಾಕಿಸಿಕೊಂಡು, ಯಂತ್ರದ ಕೋಣೆಯ ಕಿಟಕಿಗೆ ಮುಖಮಾಡಿ ಕೂತರು.

ಮೊದಲು ಬೆಟ್ಟದ ಬುಡದ ಮಣ್ಣು. ಐವತ್ತೆಂಟು. ವಿರೂಪಾಕ್ಷ ಮಾರ್ಕರ್ ಹಿಡಿದು ಗೋಡೆಯ ಬಿಳಿ ಹಲಗೆಯ ಕೆಳಗಿನ ಅಂಚಿನಲ್ಲಿ ಬರೆದರು.

"ಎಷ್ಟ್ ಬಂತವ್ವ?" ಹೊರಗಿಂದ ಮುನಿಕೃಷ್ಣಮ್ಮ.

"ಐವತ್ತೆಂಟು!"

ಅರವತ್ತಮೂರು. ಐವತ್ತೈದು. ವಿರೂಪಾಕ್ಷರ ಹುಬ್ಬು ಗಂಟಾಯಿತು. ಮೇಲೇರುವುದೇ ಇಲ್ಲವೇನೋ, ಎಲ್ಲವೂ ಆ ಕೋಣೆಯ ಮಾಯೆಯೇ ಏನೋ ಎಂಬ ಭಯ ಇಬ್ಬರಿಗೂ ಬಂದಿತ್ತು. ಮುಂದಿನ ಎತ್ತರದ ಚೀಲ ಒಡೆದರು. ತೊಂಬತ್ತೊಂದು. ಪಕ್ಕದ ಗುಂಡಿಯದು ತೊಂಬತ್ತೇಳು. ಇನ್ನೂ ಮೇಲೆ, ಮಂಜು ಮುಟ್ಟುವಲ್ಲಿ, ನೂರ ಐವತ್ತೆರಡು.

"ಎಷ್ಟವ್ವ?"

"ನೂರ ಐವತ್ತೆರಡು ಅಮ್ಮಾ! ಹತ್ತುತ್ತಾ ಇದೆ!"

"ಅತ್ಲಿ ಅತ್ಲಿ!"

ಮಧ್ಯಾಹ್ನ ಊಟವನ್ನು ನಿಂತೇ ಮಾಡಿದರು. ಒಬ್ಬರು ಚಿತ್ರಾನ್ನ ತಿನ್ನುವಾಗ ಇನ್ನೊಬ್ಬರು ದೋಣಿ ತೂಗಿದರು. ವಾಯುಪಡೆಯ ವಿಮಾನವೊಂದು ಮನೆ ನಡುಗಿಸಿ ಹೋದಾಗ ತಕ್ಕಡಿಯ ಮುಳ್ಳು ನಿಲ್ಲದೆ ಲುಬ್ನಾ ಅದಕ್ಕೆ ಬಾಯಿತುಂಬ ಬೈದಳು. ಇನ್ನೂರ ಹತ್ತು. ಇನ್ನೂರ ನಲವತ್ತೈದು. ನಲವತ್ತೊಂದನೇ ಚೀಲದ ಹಸಿಮಣ್ಣು ಇನ್ನೂರ ಅರವತ್ತೆರಡು ಕೊಟ್ಟಿತು. ಮಹಡಿಯ ಮೇಲೆ ಒಣಗಿದ ತಟ್ಟೆ ಕೊಟ್ಟದ್ದೂ ಹೆಚ್ಚುಕಡಿಮೆ ಅಷ್ಟೇ. ತುತ್ತತುದಿಯ ಕಾಡಿನದು ಮುನ್ನೂರ ಹದಿನೈದು.

"ಈಗ ಇವತ್ತಿನ ಕೊನೇದು," ಎಂದರು ವಿರೂಪಾಕ್ಷ. ಅವರ ದನಿ ಬಿದ್ದುಹೋಗಿತ್ತು. "ಅದೇ ತುದಿ, ಅದೇ ಗಾಳಿ. ಆದ್ರೆ ಮರ ಇಲ್ಲ, ಬರೀ ಹುಲ್ಲು. ಕಾಡಿಂದ ನಲವತ್ತು ಹೆಜ್ಜೆ."

ಆರು ನಿಮಿಷ. ಮುನಿಕೃಷ್ಣಮ್ಮ ಎದ್ದು ಬಂದು ಕಿಟಕಿಯ ಸರಳು ಹಿಡಿದು ನಿಂತಿದ್ದರು. ವೆಂಕಟಸ್ವಾಮಿಯವರೂ ಏನು ಗಲಾಟೆಯೆಂದು ನೋಡಲು ಬಂದು ಅವರ ಹಿಂದೆ ನಿಂತಿದ್ದರು.

ಎಪ್ಪತ್ತನಾಲ್ಕು.

ವಿರೂಪಾಕ್ಷ ಮಾರ್ಕರನ್ನು ಮೇಲಕ್ಕೆ ಎಸೆದರು. ಲುಬ್ನಾ ಚಪ್ಪಾಳೆ ಹೊಡೆಯುತ್ತಾ ಕಿಟಕಿಗೆ ಓಡಿ ಸರಳಿನಾಚೆಯ ಕೈಗಳನ್ನು ಹಿಡಿದುಕೊಂಡಳು. "ಮರ ಅಮ್ಮಾ, ಮರ! ಮರ ಇರೋ ಕಡೆ ಮುನ್ನೂರು, ಹುಲ್ಲಿರೋ ಕಡೆ ಎಪ್ಪತ್ತು! ಎಲೆನೇ ಹಿಡಿದು ಮಣ್ಣಿಗೆ ಹಾಕ್ತಿರೋದು!"

"ಗೆದ್ದಂಗಾ?" ಎಂದರು ವೆಂಕಟಸ್ವಾಮಿ.

"ಗೆದ್ದಂಗೇ ಅಂಕಲ್!"

ಭಾನುವಾರ ಉಳಿದ ಚೀಲಗಳನ್ನೂ ಮುಗಿಸಿದರು. ಒಂದು ಚೀಲವೂ ಮಾತು ತಪ್ಪಲಿಲ್ಲ.

ಮಂಗಳವಾರ ಮಾತ್ರ ಲುಬ್ನಾಳಿಗೆ ಯಾವ ಕೆಲಸಕ್ಕೂ ಕೈ ಹೋಗಲಿಲ್ಲ. ಹನ್ನೆರಡಕ್ಕೆ ಆಸ್ಪತ್ರೆಯಿಂದ ವಿರೂಪಾಕ್ಷರಿಗೆ ಫೋನು ಬಂದಾಗ ಅವರ ತುಟಿಯನ್ನೇ ನೋಡುತ್ತಾ ನಿಂತಳು. ಸಾಮಾನ್ಯಕ್ಕಿಂತ ಹೆಚ್ಚಿದೆ, ಅಪಾಯದ ಮಟ್ಟದಲ್ಲಿಲ್ಲ. ಆ ಕೋಣೆಯಿಂದ ದೂರವಿದ್ದರೆ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಎರಡು ತಿಂಗಳಿಗೊಮ್ಮೆ ನೋಡೋಣ ಎಂದಿದ್ದರು. ಲುಬ್ನಾ ಹಿತ್ತಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ.

ಬುಧವಾರ ಹೆಬ್ಬಾಳದ ಸಭೆಯಲ್ಲಿ ವಿರೂಪಾಕ್ಷ ಮೊದಲು ತಮ್ಮ ಸುಳ್ಳು ಅಂಕಿಯನ್ನೇ ತೋರಿಸಿದರು. "ಹೋದ ವಾರ ನಿಮ್ಮಲ್ಲಿ ಹಲವರಿಗೆ ಫೋನ್ ಮಾಡಿ ಇದನ್ನ ಹೇಳಿದ್ದೆ. ಇದು ತಪ್ಪು. ತಪ್ಪು ಹೇಗೆ ಸಿಕ್ಕಿತು ಅನ್ನೋದನ್ನ ಸಿಕ್ಕಿಸಿದವರೇ ಹೇಳ್ತಾರೆ," ಎಂದು ಮೈಕನ್ನು ಲುಬ್ನಾಳ ಕಡೆಗೆ ಚಾಚಿದರು. ಮುಂಚೆ ತಿಳಿಸಿರಲಿಲ್ಲ. ಅವಳು ಎದ್ದು ನಿಂತಳು. ಮೊದಲ ಎರಡು ವಾಕ್ಯ ತೊದಲಿದವು. ಆಮೇಲೆ ಹನ್ನೆರಡು ತಟ್ಟೆಗಳ ನಕ್ಷೆ ಪರದೆಯ ಮೇಲೆ ಬಂತು. ಅದನ್ನು ಕಂಡ ಮೇಲೆ ಮಾತು ತಾನಾಗಿ ಓಡಿತು.

ಕೊನೆಯಲ್ಲಿ ಅರಣ್ಯ ಇಲಾಖೆಯ ಹಿರಿಯರೊಬ್ಬರು ಕೇಳಿದರು: "ನಿಮ್ಮ ಕೋಣೆಯಲ್ಲಿ ಟೈಲ್ಸ್ ಕಿತ್ತರೆ ಮುಗೀತು. ಬೆಟ್ಟಕ್ಕೆ ಏನ್ಮಾಡೋದಮ್ಮ?"

"ಬೆಟ್ಟದಲ್ಲಿ ಕೀಳೋಕೆ ಏನೂ ಇಲ್ಲ ಸರ್," ಎಂದಳು ಲುಬ್ನಾ. "ಅಲ್ಲಿಗೆ ಬರ್ತಿರೋದು ನಮ್ ಕಡೆಯಿಂದ. ಇಲ್ಲಿ ಸುಡೋದು ಕಮ್ಮಿ ಮಾಡ್ಬೇಕು. ಅಲ್ಲೀವರೆಗೂ ಆ ಮಣ್ಣನ್ನ ಕೆದಕಬಾರದು, ಆ ಕಾಡಿಗೆ ಬೆಂಕಿ ಬೀಳಬಾರದು. ಬಿದ್ರೆ ಇಷ್ಟು ವರ್ಷ ಹಿಡಿದಿಟ್ಟಿದ್ದೆಲ್ಲ ಒಂದೇ ದಿನ ಗಾಳಿಗೆ ಬರುತ್ತೆ."

ಆ ಅಧಿಕಾರಿ ಪೆನ್ನು ತೆಗೆದು ಬರೆದುಕೊಂಡರು.

ಸಭೆ ಮುಗಿದದ್ದೇ ತಡ, ರಸ್ತೆಗೆ ಬಂದು, ಬಸ್ಸು ಲಾರಿಗಳ ಸದ್ದಿನಲ್ಲಿ ಒಂದು ಕಿವಿ ಮುಚ್ಚಿಕೊಂಡು ರಾಜಾನುಕುಂಟೆಗೆ ಫೋನ್ ಹಚ್ಚಿದಳು. ನಡೆದದ್ದನ್ನೆಲ್ಲ ಕೂಗಿ ಕೂಗಿ ಹೇಳಿದಳು. ನಿಮ್ಮ ಹೆಸರನ್ನೂ ಪರದೆಯ ಮೇಲೆ ಹಾಕಿದ್ದೆವು, ಮಣ್ಣು ಸಿದ್ಧಪಡಿಸಿದವರು ಮುನಿಕೃಷ್ಣಮ್ಮ ಎಂದು, ಎಲ್ಲರೂ ಓದಿದರು ಎಂದಳು.

"ಓದ್ಲಿ ಬಿಡು," ಎಂದರು ಮುನಿಕೃಷ್ಣಮ್ಮ. ದನಿಯಲ್ಲಿ ನಗುವಿತ್ತು. "ಅದಿರ್ಲಿ, ಸೋಮವಾರ ನಾನ್ ಎಲ್ಲಿ ಕೂತ್ಕೊಳ್ಳಾದು, ಅದೇಳು. ಬಿಸ್ಲು ಬರೋ ಕಡೆ ನೋಡವ್ವ."